ಕಣ್ಣಿಗೆ ಕಂಡಷ್ಟೇ

ನಮ್ಮ ಮನೆಯಲ್ಲಿ ಬದನೆಕಾಯಿ ಸಂತೆಯಿಂದ ನೇರ ಅಡುಗೆಮನೆಗೆ ಹೋಗುತ್ತಿರಲಿಲ್ಲ. ಮೊದಲು ಪಡಸಾಲೆಯ ಕಿಟಕಿಯ ಕೆಳಗಿದ್ದ ಮೇಜಿನ ಮುಂದೆ ಚೀಲ ಇಳಿಯುತ್ತಿತ್ತು. ಅಪ್ಪ ಅದರೊಳಗೆ ಕೈಹಾಕಿ ಒಂದೊಂದೇ ಕಾಯಿ ಎತ್ತಿ, ತೊಟ್ಟು ಹಿಡಿದು ತಿರುಗಿಸಿ, ಬೆಳಕಿಗೆ ಒಡ್ಡಿ ನೋಡುತ್ತಿದ್ದ. ಎಳೆಯವು, ಹೊಳೆಯುವವು ಮೇಜಿಗೆ. ಬಲಿತದ್ದು, ಹುಳ ಬಿದ್ದದ್ದು ಅವ್ವನ ಪಾಲಿಗೆ. ಆ ಪಲ್ಯವನ್ನು ಬಾಯಿಗಿಟ್ಟುಕೊಂಡು ‘ಬರೇ ಬೀಜ’ ಎಂದು ಗಂಗಾಳ ಸರಿಸುತ್ತಿದ್ದವನೂ ಅವನೇ. ಅಪ್ಪ ತೆಲುಗು ಸೀಮೆಯ ಗಡಿಯ ಮಕ್ತಲಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಪಡಸಾಲೆ, ಅಡುಗೆಮನೆ, ಹಿಂದೊಂದು ಸಣ್ಣ ಹಿತ್ತಿಲು ಇದ್ದ ಬಾಡಿಗೆ ಮನೆ ನಮ್ಮದು. ನಾನೊಬ್ಬಳೇ ಮಗಳು. ಬೇರೆ ಮನೆಗಳಲ್ಲಿ ಪಡಸಾಲೆಯಲ್ಲಿ ಮಂದಿ ಕೂರುತ್ತಿದ್ದರು. ನಮ್ಮಲ್ಲಿ ಆ ಮೇಜು ಕೂತಿತ್ತು, ನಾವು ಅದರ ಸುತ್ತ ಗೋಡೆ ಹಿಡಿದು ಓಡಾಡುತ್ತಿದ್ದೆವು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ತಂಬಿಗೆಯೋ ಬೋಗುಣಿಯೋ, ಪಕ್ಕದಲ್ಲಿ ಕಾಯಿ ಹಣ್ಣು. ಒಂದೊಂದರ ಸುತ್ತಲೂ ಬಣ್ಣದ ಸೀಮೆಸುಣ್ಣದ ಗೆರೆ. ನಾನು ಕೂತು ಚಿತ್ರ ಬರೆಯುತ್ತಿದ್ದ ಸ್ಟೂಲಿನ ಕಾಲುಗಳಿಗೂ ನೆಲದ ಪರಸಿ ಕಲ್ಲಿನ ಮೇಲೆ ಗೆರೆ ಎಳೆದಿದ್ದ. ಗೆರೆ ದಾಟಿದರೆ ಏಟು.

ಒಮ್ಮೆ ಶ್ರಾವಣ ಸೋಮವಾರ ಅವ್ವ ನೆಲ ಸಾರಿಸುವಾಗ ಆಕೆಯ ಮೊಣಕೈ ತಾಗಿ ಮೇಜಿನ ಬಟ್ಟೆಯ ಒಂದು ಮಡಿಕೆ ಬಿಚ್ಚಿಹೋಯಿತು. ಹಾಗೇ ಇತ್ತೇನೋ ಎಂಬಂತೆ ಸರಿಪಡಿಸಿ ಆಕೆ ಸುಮ್ಮನಾದಳು. ಅಪ್ಪ ಸ್ನಾನ ಮಾಡಿ ಬಂದವನೇ ಗುರುತಿಸಿದ. ಬೈಯಲಿಲ್ಲ. ಒಳಗೆ ಹೋಗಿ, ಬೆಳಗಿನಿಂದ ಬಡಿದು ಬೇಯಿಸಿಟ್ಟಿದ್ದ ಜೋಳದ ರೊಟ್ಟಿಯ ಬುಟ್ಟಿ ತಂದು ಅಂಗಳದ ಮಣ್ಣಿಗೆ ಬೋರಲು ಹಾಕಿದ.

“ನಿನ್ನ ಕೆಲಸ ನಾ ಕೆಡಿಸಿದ್ರ ಹೆಂಗಾಗ್ತೈತಿ? ಹಂಗ ಆಗ್ತೈತಿ ನಂಗೂ.”

ಚಪ್ಪಲಿ ಮೆಟ್ಟಿ ಶಾಲೆಗೆ ಹೋದ. ಅವ್ವ ಒಂದೊಂದೇ ರೊಟ್ಟಿ ಎತ್ತಿ ಸೆರಗಿನಿಂದ ಒರೆಸಿದಳು. ನಾವಿಬ್ಬರೂ ಅವನ್ನೇ ತಿಂದೆವು. ಹಲ್ಲಿಗೆ ಮಣ್ಣು ಸಿಕ್ಕಾಗ ಅವ್ವ ಅಗಿಯುವುದನ್ನು ನಿಲ್ಲಿಸಿ ಆ ಮೇಜಿನ ಕಡೆ ನೋಡುತ್ತಿದ್ದಳು. ಅದನ್ನು ಒದ್ದು ಉರುಳಿಸುತ್ತಾಳೆಂದು ನಾನು ಕಾದೆ. ಆಕೆ ಎದ್ದು ಕೈತೊಳೆದಳು, ಅಷ್ಟೇ.

ಪಾಠ ಶುರುವಾಗುತ್ತಿದ್ದದ್ದು ಬೆಳಕು ಹರಿದು ಕಿಟಕಿಯಲ್ಲಿ ನೆಲೆನಿಂತ ಮೇಲೆ. ಕೈಯನ್ನು ಪೂರ್ತಿ ಚಾಚಿ ಪೆನ್ಸಿಲ್ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಂಬಿಗೆಯ ಎತ್ತರಕ್ಕೆ ಬದನೆಕಾಯಿಯ ಉದ್ದ ಎಷ್ಟು ಎಂದು ಅಳೆಯಬೇಕು. ವಸ್ತುಗಳನ್ನು ಬಿಟ್ಟು ಅವುಗಳ ನಡುವಿನ ಖಾಲಿ ಜಾಗವನ್ನು ಮೊದಲು ಬರೆಯಬೇಕು. ಕಣ್ಣನ್ನು ಅರೆ ಮುಚ್ಚಿ ನೋಡಿ, ಎಲ್ಲಕ್ಕಿಂತ ಕಪ್ಪಾದದ್ದು ಯಾವುದು, ಎಲ್ಲಕ್ಕಿಂತ ಬೆಳ್ಳಗಿರುವುದು ಯಾವುದು ಎಂದು ಹೇಳಬೇಕು. ತಪ್ಪಿದರೆ ಮರದ ಅಡಿಕೋಲು ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು, ಅದೂ ಎಡಗೈಯ ಗೆಣ್ಣಿನ ಮೇಲೆ. ಬಲಗೈ ಕೆಲಸಕ್ಕೆ ಬೇಕಲ್ಲ. ನಾನು ಹಾಳೆಯನ್ನೇ ಹೆಚ್ಚು ನೋಡುತ್ತೇನೆಂದು ಒಮ್ಮೆ ನನ್ನ ಕೈಯನ್ನೂ ಹಾಳೆಯನ್ನೂ ಟವೆಲಿನಿಂದ ಮುಚ್ಚಿಬಿಟ್ಟ. ಗೆರೆ ಎಲ್ಲಿ ಹೋಗುತ್ತಿದೆ ಎಂದು ಗೊತ್ತಿಲ್ಲದೆ, ಬರೇ ಕಾಯಿಯ ಅಂಚಿನ ಮೇಲೆ ಕಣ್ಣು ಹರಿಸುತ್ತಾ ಬರೆಯಬೇಕಿತ್ತು. ಟವೆಲ್ ತೆಗೆದಾಗ ಹಾಳೆಯ ಮೇಲೆ ಇದ್ದದ್ದು ಒದ್ದೆ ಅರಿವೆ ಹಿಂಡಿ ಎಸೆದಂಥ ಒಂದು ಆಕಾರ. ನಾನು ನಕ್ಕೆ. ಅಪ್ಪ ನಗಲಿಲ್ಲ.

“ಇದು ಛಲೋ ಐತಿ. ಇಷ್ಟು ದಿನ ನೀ ಬದನಿಕಾಯಿ ಬರದಿದ್ದಿಲ್ಲ, ಬದನಿಕಾಯಿ ಅನ್ನೋ ಹೆಸರು ಬರದಿದ್ದಿ.”

ಸೀತಾಫಲದ ಕಾಲದಲ್ಲಿ ಕಷ್ಟ ಹೆಚ್ಚು. ಹಣ್ಣು ಮೇಜಿನ ಮೇಲೆಯೇ ಕಳಿಯುತ್ತಿತ್ತು. ಮನೆ ತುಂಬ ಆ ವಾಸನೆ. ತುಂಡು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು ಸ್ಟೂಲಿನ ಮೇಲೆ ಕೂತವಳಿಗೆ ಕಣ್ಣೆದುರಿಗೆ ಹಣ್ಣು ತಾನಾಗಿ ಬಾಯಿ ಬಿಡುವುದು ಕಾಣುತ್ತಿತ್ತು. ಮುಟ್ಟುವಂತಿಲ್ಲ. ಇರುವೆ ಬಂದವು, ಇರುವೆಯನ್ನೂ ಬರೆ ಎಂದ. ಬಿಳಿ ತಿರುಳು ಕಂದಿತು, ಆ ಕಂದು ಯಾವ ಕಂದು ಎಂದು ಕೇಳಿದ. ಹಣ್ಣು ಪೂರ್ತಿ ಕುಸಿದು ಬಟ್ಟೆಗೆ ಅಂಟಿಕೊಂಡ ಮೇಲೆ ಅವ್ವನಿಗೆ ಎತ್ತಿ ಹಾಕಲು ಹೇಳಿದ. ಈಗ ನಾರಾಯಣಪೇಟೆಯ ನನ್ನ ಮನೆಗೆ ಚಿತ್ರ ನೋಡಲು ಬಂದವರು, ನಿಮ್ಮ ಹಣ್ಣುಗಳನ್ನು ನೋಡಿದರೆ ತಿನ್ನಬೇಕು ಅನ್ನಿಸುವುದೇ ಇಲ್ಲವಲ್ಲ ಎನ್ನುತ್ತಾರೆ. ನಾನು ಹಣ್ಣು ಕಲಿತದ್ದು ಹಾಗೆ.

ಭಾನುವಾರಗಳು ಬಯಲಿಗೆ ಮೀಸಲು. ಗದ್ವಾಲದ ಬಸ್ಸು ಹತ್ತಿ ಹೋಗಿ ಕೋಟೆಯ ಗೋಡೆ ಬರೆಯುವುದು, ಇಲ್ಲವೇ ಊರ ಹೊರಗಿನ ಗುಂಡುಗಲ್ಲಿನ ಗುಡ್ಡ. ನೆರಳು ನೋಡಲು ಬಂದವರು ನೆರಳಿನಲ್ಲಿ ಕೂರುವಂತಿರಲಿಲ್ಲ. ಅಲ್ಲಿಂದ ಅದರ ಬಣ್ಣ ಕಾಣುವುದಿಲ್ಲ ಎನ್ನುತ್ತಿದ್ದ. ಕುಡಿಯುವುದಕ್ಕೂ ಬಣ್ಣ ಕಲಸುವುದಕ್ಕೂ ಒಂದೇ ಬಾಟಲಿ ನೀರು, ಬಣ್ಣಕ್ಕೇ ಮೊದಲ ಪಾಳಿ. ಬಿಸಿಲಿಗೆ ತಲೆ ಸುತ್ತಿ ಒಂದು ಸಲ ನಾನು ವಾಂತಿ ಮಾಡಿಕೊಂಡೆ. ಅಪ್ಪ ನನ್ನ ಬಾಯಿ ಒರೆಸಿ ಮತ್ತೆ ಚಿತ್ರದ ಹಲಗೆಯ ಮುಂದೆ ಕೂರಿಸಿದ. ‘ಜಲ್ದಿ ಮುಗಿಸು, ಬಂಡಿ ನೆಳ್ಳು ನೇರಳಿಗೆ ತಿರಗಾಕತ್ತೈತಿ’ ಎಂದ. ನಿಜಕ್ಕೂ ತಿರುಗುತ್ತಿತ್ತು. ಬಂಡೆಯ ನೆರಳು ಕಪ್ಪಲ್ಲ, ನೇರಳೆ ಎಂದು ನನಗೆ ಕಂಡದ್ದು ಆವತ್ತೇ, ಬಾಯಲ್ಲಿ ವಾಂತಿಯ ಹುಳಿ ಇರುವಾಗ. ಅದಕ್ಕಾಗಿ ನಾನು ಅವನನ್ನು ಪೂರ್ತಿ ದ್ವೇಷಿಸಲಾರದೆ ಹೋದೆ.

ಆಯಿ ನಮ್ಮ ಮನೆಗೆ ಬಂದದ್ದು ಇಷ್ಟರ ನಡುವೆ. ಆಯಿ ಎಂದರೆ ಅಪ್ಪನ ತಾಯಿ. ಕೃಷ್ಣೆಯ ದಂಡೆಯ ಆಕೆಯ ಊರು ಜುರಾಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಆಕೆಯ ಗಂಡ, ನಮ್ಮ ಮುತ್ಯಾ, ಅದಕ್ಕೂ ಮೊದಲೇ ತೀರಿಕೊಂಡಿದ್ದ. ಹೊಸ ಊರಿನಲ್ಲಿ ಸಂಬಂಧಿಕರ ಜತೆ ಇದ್ದು ಸಾಕಾಗಿ, ಒಂದು ತಾಮ್ರದ ಕೊಡ, ಒಂದು ಕೌದಿ ಹಿಡಿದುಕೊಂಡು ಬಂದಳು. ಅಪ್ಪ ಕೌದಿಯನ್ನು ಆಕೆಗೆ ಬಿಟ್ಟು ಕೊಡವನ್ನು ಮೇಜಿಗೆ ಒಯ್ದ. ತನ್ನ ಕೊಡದಿಂದ ಒಂದು ತಂಬಿಗೆ ನೀರು ಕುಡಿಯಲು ಆಯಿಗೆ ಆ ಮನೆಯಲ್ಲಿ ಆಗಲಿಲ್ಲ. ಅವ್ವ ಪ್ಲಾಸ್ಟಿಕ್ ಬಕೆಟ್ಟಿನ ನೀರು ಕೊಡುತ್ತಾ, ‘ನಿಮ್ಮೂರು ಮುಳುಗ್ತು, ಈಗ ನನ್ನ ಪಡಸಾಲಿನೂ ಮುಳುಗ್ಸಾಕ ಬಂದ್ರಿ’ ಎಂದು ಗೊಣಗುತ್ತಿದ್ದಳು. ಅಪ್ಪನಿಗೆ ಹೇಳಲಾಗದ್ದನ್ನೆಲ್ಲ ಅವ್ವ ಆಯಿಗೆ ಹೇಳುತ್ತಿದ್ದಳು. ಮಲಗಲು ಜಾಗವಿಲ್ಲದೆ ಆಯಿ ಮೇಜಿನ ಕೆಳಗೇ ಕೌದಿ ಹಾಸಿಕೊಂಡಳು.

ಅಪ್ಪ ಇಲ್ಲದ ಹೊತ್ತಿನಲ್ಲಿ ಆಯಿ ತನ್ನ ಮನೆಯ ಮಾತು ತೆಗೆಯುತ್ತಿದ್ದಳು. ಶೇಂಗಾ ಸುಲಿಯುತ್ತಾ ಶುರುಮಾಡಿದರೆ ಮೊರ ತುಂಬುವ ತನಕ ನಡೆಯುತ್ತಿತ್ತು. ನಡುವೆ ತೊಟ್ಟಿ, ಸುತ್ತ ಕಲ್ಲಿನ ಕಂಬಗಳು, ಹಸಿರು ಬಣ್ಣದ ದೊಡ್ಡ ಬಾಗಿಲು, ಅಟ್ಟದ ತುಂಬ ಜೋಳದ ಚೀಲ, ಕಟ್ಟೆಯ ಮೇಲೆ ರುಮಾಲು ಸುತ್ತಿ ಕೂತ ಮುತ್ಯಾ, ಹಿತ್ತಿಲ ಬೇವಿನ ಗಿಡದಿಂದ ನೇರ ಕಾಣುವ ಹೊಳೆ. ಒಂದು ದಿನ ನನ್ನ ಕೈಹಿಡಿದು ಕೇಳಿದಳು:

“ನನ್ನ ಮನಿ ಒಂದು ಬರ್ದು ಕೊಡ್ತೀಯೇನವ್ವಾ? ಸಾಯೋ ಮುಂದ ನೋಡಾಕ.”

“ನಾ ನೋಡಿಲ್ಲಲ್ಲ ಆಯಿ.”

“ನಾ ನೋಡೀನಿ. ನಾ ಹೇಳ್ತೀನಿ, ನೀ ಬರಿ.”

ಅಪ್ಪ ಶಾಲೆಗೆ ಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಬರೆದೆವು. ಆಕೆ ಹೇಳಿದಳು, ನಾನು ಬರೆದೆ. ಬಾಗಿಲು ಇನ್ನೂ ದೊಡ್ಡದು ಎಂದರೆ ದೊಡ್ಡದು ಮಾಡಿದೆ. ಕಂಬ ಇನ್ನೆರಡು ಎಂದರೆ ಹಾಕಿದೆ. ನನ್ನನ್ನೂ ಕಟ್ಟೆಯ ಮೇಲೆ ಕೂರಿಸು ಎಂದಳು, ಮುತ್ಯಾನ ಪಕ್ಕದಲ್ಲಿ ಕೆಂಪು ಸೀರೆ ಉಡಿಸಿ ಕೂರಿಸಿದೆ. ಯಾವುದನ್ನೂ ಅಳೆಯಲಿಲ್ಲ. ಎದುರಿಗೆ ಏನನ್ನೂ ಇಟ್ಟುಕೊಳ್ಳದೆ ಬರೆದ ಮೊದಲ ಚಿತ್ರ ಅದು. ರೊಟ್ಟಿ ಬಡಿಯುತ್ತಿದ್ದ ಅವ್ವ ಕೂಡ ಬಗ್ಗಿ ನೋಡಿ, ‘ಬೇವಿನ ಗಿಡಕ್ಕ ಒಂದು ಜೋಕಾಲಿ ಹಾಕು’ ಎಂದಳು. ಮೂವರೂ ನಕ್ಕೆವು. ಆ ಮನೆಯಲ್ಲಿ ನಾವು ಮೂರೂ ಜನ ಒಟ್ಟಿಗೆ ನಕ್ಕದ್ದು ಬೇರೆ ನೆನಪಿಲ್ಲ. ಆಯಿ ಚಿತ್ರವನ್ನು ಕೌದಿಯ ಕೆಳಗೆ ಇಟ್ಟುಕೊಂಡಳು.

ಹಸಿರು ಬಣ್ಣದ ಟ್ಯೂಬು ಸಪ್ಪಟೆಯಾದದ್ದು ಅಪ್ಪನ ಕಣ್ಣಿಗೆ ಬೀಳಲು ತಡವಾಗಲಿಲ್ಲ. ಎಲ್ಲಿ ಹೋಯಿತು ಎಂದು ನನ್ನನ್ನು ಕೇಳಿದ. ಅವನು ನನ್ನ ಎಡಗೈ ಎತ್ತಿ ಅಡಿಕೋಲು ಹಿಡಿದದ್ದನ್ನು ನೋಡಿ ಆಯಿಯೇ ಕೌದಿ ಎತ್ತಿ ಚಿತ್ರ ಕೊಟ್ಟಳು. ಅಪ್ಪ ಹರಿಯುತ್ತಾನೆ ಎಂದುಕೊಂಡೆ. ಅವನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದ. ಆಮೇಲೆ ಮೆತ್ತಗೆ ಕೇಳಿದ:

“ಹೊಳಿ ನೀರು ಇಳಿದೈತಂತ. ಹಳೇ ಊರಿನ ಗ್ವಾಡಿ ಮ್ಯಾಲೆದ್ದಾವಂತ. ನಾಳಿ ಐತವಾರ. ಹೋಗೂಣೇನು ಯವ್ವಾ, ನಿನ್ನ ಮನಿ ನೋಡಾಕ?”

ಆಯಿ ಮರುದಿನ ಬೆಳಿಗ್ಗೆ ತನ್ನ ಒಂದೇ ಒಂದು ಒಳ್ಳೆಯ ನಾರಾಯಣಪೇಟೆ ಸೀರೆ ಉಟ್ಟುಕೊಂಡಳು. ಹಣೆ ತುಂಬ ವಿಭೂತಿ. ಅವ್ವ ರೊಟ್ಟಿಯ ಗಂಟು ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಕಂಡಕ್ಟರ್ ತೆಲುಗಿನಲ್ಲಿ ಎಲ್ಲಿಗೆ ಎಂದು ಕೇಳಿದರೆ, ಆಯಿ ಮುಳುಗಿಹೋದ ತನ್ನ ಊರಿನ ಹೆಸರನ್ನೇ ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಅಪ್ಪ ಈಗಿನ ಸ್ಟಾಪಿನ ಹೆಸರು ಹೇಳಿ ಟಿಕೆಟು ತೆಗೆದುಕೊಂಡ. ಇಳಿದು ನಡೆದದ್ದು ಬಹಳ. ಆಯಿ ನಮಗಿಂತ ಮುಂದೆ ನಡೆಯುತ್ತಿದ್ದಳು.

ನೀರು ದೂರ ಸರಿದಿತ್ತು. ಬೂದು ಬಣ್ಣದ ಕೆಸರು ಒಣಗಿ ಬಿರುಕು ಬಿಟ್ಟು, ನಡೆದರೆ ಕಪ್ಪೆಚಿಪ್ಪು ಕಾಲಡಿಯಲ್ಲಿ ಮುರಿಯುತ್ತಿತ್ತು. ಸತ್ತ ಮೀನಿನ ನಾತ. ಮೊಣಕಾಲೆತ್ತರದ ಗೋಡೆಗಳು ಸಾಲಾಗಿ ಕಾಣುತ್ತಿದ್ದವು, ಎಲ್ಲವೂ ಒಂದೇ ಬಣ್ಣ. ಆಯಿ ಗಲಿಬಿಲಿಗೊಂಡು ಅತ್ತ ಇತ್ತ ನಡೆದಳು. ಅಪ್ಪ ನೇರ ಹೋಗಿ ಒಂದು ಕಡೆ ನಿಂತ. ಅಲ್ಲಿ ಒಂದು ಕಲ್ಲಿನ ಕಂಬ ಇನ್ನೂ ನಿಂತಿತ್ತು, ಸೊಂಟದ ತನಕ ರಾಡಿ ಹತ್ತಿಕೊಂಡು.

“ಬಾ ಯವ್ವಾ. ಇದ ನೋಡು ನಿನ್ನ ಮನಿ.”

ಗೋಡೆಯ ಬುಡ ಹಿಡಿದು ಅವನು ಹೆಜ್ಜೆ ಹಾಕಿದ. ಆ ತುದಿಯಿಂದ ಈ ತುದಿಗೆ ಬರಲು ಹೊತ್ತೇ ಹಿಡಿಯಲಿಲ್ಲ. ಎರಡು ಕೋಣೆ. ತೊಟ್ಟಿ ಇಲ್ಲ. ನಮ್ಮ ಬಾಡಿಗೆ ಮನೆಗಿಂತ ಅದು ದೊಡ್ಡದೇನಿರಲಿಲ್ಲ.

“ಉಳಿದ ಕಂಬ ಎಲ್ಲಿ?” ಎಂದು ಕೇಳಿದ.

“ಹೊಳಿ ಒಯ್ದೈತಿ.”

“ಹೊಳಿ ಪಾಯಾನೂ ಒಯ್ತೇನು? ಕಂಬ ಒಂದ ಇತ್ತು, ಯವ್ವಾ. ಒಂದ. ಅದು ನಂಗ ಬರಾಬ್ಬರಿ ಗೊತ್ತೈತಿ.” ಅಪ್ಪ ಕಂಬಕ್ಕೆ ಬೆನ್ನು ಹಚ್ಚಿ, ಎರಡೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನಿಂತ. ಅಪ್ಪ ಹಾಗೆ ನಿಂತದ್ದನ್ನು ನಾನೆಂದೂ ನೋಡಿರಲಿಲ್ಲ. “ಗ್ವಾಡಿ ಮ್ಯಾಲ ಇದ್ದಲಿಲೆ ಚಿತ್ರಾ ಬರದೀನಂತ ನಿನ್ನ ಗಂಡ ನನ್ನ ಇದಕ್ಕ ಕಟ್ತಿದ್ದ. ಬಾರಕೋಲಿಲೆ ಹೊಡಿತಿದ್ದ. ನೀ ಎಲ್ಲಿ ಇರ್ತಿದ್ದಿ?”

ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಎಲ್ಲಿ ಇರ್ತಿದ್ದಿ, ಹೇಳು.”

“ಒಲಿ ಮುಂದ.”

“ಒಲಿ ಎಲ್ಲಿ ಇತ್ತು?”

ಆಕೆ ಬೆರಳು ತೋರಿಸಿದಳು. ಆ ಜಾಗ ಕಂಬದ ನೇರ ಎದುರಿಗಿತ್ತು, ಅವರಿಬ್ಬರ ನಡುವೆ ಒಂದು ಗೋಡೆಯೂ ಇರಲಿಲ್ಲ.

“ನೋಡ್ತಿದ್ದಿ?”

“ರೊಟ್ಟಿ ಹೊತ್ತೀತಂತ ಹಂಚು ನೋಡ್ತಿದ್ದೆ,” ಎಂದಳು ಆಯಿ.

ಅಪ್ಪ ಕಂಬ ಬಿಟ್ಟು ಬಂದ. ನನ್ನ ಹಲಗೆಗೆ ಹಾಳೆ ಸಿಕ್ಕಿಸಿದ. ಅದು ಆಯಿಯ ಮನೆಯ ಚಿತ್ರವೇ. ಮಗುಚಿ, ಖಾಲಿ ಬೆನ್ನನ್ನು ಮೇಲೆ ಮಾಡಿದ್ದ. ಆಯಿಯನ್ನು ಭುಜ ಹಿಡಿದು ಒಯ್ದು ಕುಸಿದ ಗೋಡೆಯ ಕಲ್ಲಿನ ಮೇಲೆ ಕೂರಿಸಿದ. ‘ಕಟ್ಟಿ ಮ್ಯಾಲ ಕುಂದ್ರಬೇಕಿತ್ತಲ್ಲ, ಕುಂದ್ರು’ ಎಂದ. ಹೊತ್ತು ನೆತ್ತಿಗೆ ಬಂದಿತ್ತು. ನನಗೆ ‘ಇದನ್ನ ಬರಿ’ ಎಂದ. ನಾನು ಕೈ ಚಾಚಿ, ಒಂದು ಕಣ್ಣು ಮುಚ್ಚಿ ಅಳೆದೆ. ಕಂಬದ ಎತ್ತರಕ್ಕೆ ಕೂತ ಆಯಿ ಎಷ್ಟು? ಬಹಳ ಸಣ್ಣದು. ಆಕೆಯ ಸೀರೆಯ ಅಂಚಿಗೆ ಕೆಸರು ಹತ್ತಿತ್ತು. ಬೆವರಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಅದನ್ನೂ ಬರೆದೆ. ಆಯಿ ಕೂತಲ್ಲಿಂದಲೇ ನನ್ನನ್ನು ಕರೆದಳು.

“ಮಾದೇವಿ, ನಿಮ್ಮಪ್ಪನ್ನೂ ಬರಿ. ಆ ಕಂಬಕ್ಕ. ಸಣ್ಣಾಂವ ಇದ್ದಾಗ ಹೆಂಗ ಇದ್ದ, ನಾ ಹೇಳ್ತೀನಿ. ನೀಲಿ ಚಡ್ಡಿ ಹಾಕಿರ್ತಿದ್ದ.”

ನನ್ನ ಪೆನ್ಸಿಲ್ ಕಂಬದ ಹತ್ತಿರ ಹೋಯಿತು. ಅಪ್ಪನ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಆ ಹಿಡಿತಕ್ಕೆ ಬೆರಳು ಜೋಮು ಹಿಡಿದವು.

“ಅಲ್ಲಿ ಯಾರೂ ಇಲ್ಲ. ಇಲ್ಲದ್ದನ್ನ ಬರೀಬಾರ್ದು.”

ನಾನು ಕಂಬವನ್ನು ಬರೇ ಕಂಬವಾಗಿ ಮುಗಿಸಿದೆ. ಅಪ್ಪ ಹಾಳೆ ತೆಗೆದುಕೊಂಡು ಚಿತ್ರವನ್ನೂ ಎದುರಿಗಿದ್ದದ್ದನ್ನೂ ಒಂದಕ್ಕೊಂದು ಹೊಂದಿಸಿ ನೋಡಿದ. ‘ಸರಿ ಐತಿ’ ಎಂದ. ಆ ಎರಡು ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಎದುರಿಗೆ ಮುದುಕಿ ಬಿಸಿಲಲ್ಲಿ ಕೂತಿದ್ದಳು, ನಾನು ಖುಷಿಯಲ್ಲಿ ಮೈ ಬಿಸಿಯಾಗಿ ನಿಂತಿದ್ದೆ. ರೊಟ್ಟಿಯ ಗಂಟನ್ನು ಯಾರೂ ಬಿಚ್ಚಲಿಲ್ಲ.

ಮನೆಗೆ ಬಂದಾಗ ಅವ್ವ ಆಯಿಯ ಮುಖ ನೋಡಿ ಆಕೆಯನ್ನು ಕೈಹಿಡಿದು ಕೂರಿಸಿದಳು. ತಣ್ಣೀರಿನಿಂದ ಕಾಲು ತೊಳೆದಳು. ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಮಾಡಿ ತಾನೇ ತಿನ್ನಿಸಿದಳು. ಆಮೇಲೆ ಅಪ್ಪನ ಮುಂದೆ ಹೋಗಿ ನಿಂತಳು.

“ಮುದುಕಿನ್ನ ಬಿಸಲಾಗ ಕುಂದ್ರಿಸಿ ಏನ್ ಗೆದ್ರಿ?”

“ಗೆಲ್ಲಾಕ ಹೋಗಿದ್ದಿಲ್ಲ. ತೋರ್ಸಾಕ ಹೋಗಿದ್ದೆ.”

“ತೋರ್ಸಿದ್ರಲ್ಲ. ಇನ್ನ ಆಕಿ ನಿಮ್ಮನ್ನ ಹೆಂಗ ನೋಡ್ತಾಳ ನೋಡ್ರಿ.”

ಅವ್ವ ಹೇಳಿದಂತೆಯೇ ಆಯಿತು. ಆಯಿ ಅಪ್ಪನನ್ನು ನೋಡುವುದನ್ನೇ ಬಿಟ್ಟಳು. ನನ್ನ ಜತೆ, ಅವ್ವನ ಜತೆ ಮಾತಾಡುತ್ತಿದ್ದಳು, ಶೇಂಗಾ ಸುಲಿಯುತ್ತಿದ್ದಳು. ಹೊರಗೆ ಅಪ್ಪನ ಚಪ್ಪಲಿಯ ಸದ್ದಾದೊಡನೆ ಕಣ್ಣು ಮುಚ್ಚಿಬಿಡುತ್ತಿದ್ದಳು. ಅವನು ಮನೆಯಲ್ಲಿರುವಷ್ಟು ಹೊತ್ತೂ ಮುಚ್ಚಿಯೇ ಇರುತ್ತಿದ್ದಳು. ಮುಚ್ಚಿಕೊಂಡೇ ಉಣ್ಣುತ್ತಿದ್ದಳು, ಮುಚ್ಚಿಕೊಂಡೇ ಗೋಡೆ ತಡವುತ್ತಾ ಹಿತ್ತಿಲಿಗೆ ಹೋಗುತ್ತಿದ್ದಳು. ಮೊದಮೊದಲು ಅಪ್ಪ ನಕ್ಕ. ಆಮೇಲೆ ಬೈದ. ಒಂದು ದಿನ ಮೇಜಿನ ಮೇಲಿದ್ದ ತಾಮ್ರದ ಕೊಡವನ್ನು ತಾನೇ ಕೆಳಗಿಳಿಸಿ, ತೊಳೆದು ನೀರು ತುಂಬಿ ಆಕೆಯ ಮುಂದೆ ಇಟ್ಟ.

“ಯವ್ವಾ, ಕಣ್ಣು ತೆರಿ. ನಿನ್ನ ಕೊಡಾ ಕೊಟ್ಟೀನಿ ನೋಡು.”

“ಏನೈತಿ ನೋಡಾಕ,” ಎಂದಳು ಆಯಿ, ಕಣ್ಣು ತೆರೆಯದೆ. ಕೈಚಾಚಿ ಕೊಡದ ಕಂಠ ಮುಟ್ಟಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು.

ಅಪ್ಪ ಆಮೇಲೆ ಕೇಳಲಿಲ್ಲ. ಆದರೆ ಶಾಲೆಯಿಂದ ಬರುವಾಗ ಚಪ್ಪಲಿಯನ್ನು ದೂರವೇ ಕಳಚಿ, ಕೈಯಲ್ಲಿ ಹಿಡಿದು, ಸದ್ದಾಗದಂತೆ ಬಾಗಿಲ ಬಳಿ ಬಂದು ನಿಲ್ಲುವುದನ್ನು ನಾನು ನೋಡಿದ್ದೇನೆ. ಒಂದು ಕ್ಷಣ ಆಕೆಯ ತೆರೆದ ಕಣ್ಣು ಅವನಿಗೆ ಸಿಗುತ್ತಿತ್ತು. ಮುದುಕಿಗೆ ಅದು ಹೇಗೆ ತಿಳಿಯುತ್ತಿತ್ತೋ, ರೆಪ್ಪೆ ಬಿದ್ದುಬಿಡುತ್ತಿತ್ತು.

ಮಳೆಗಾಲ ಹಿಡಿದ ಮೇಲೆ ಆಯಿ ಜ್ವರ ಬಂದು ಮಲಗಿದಳು. ಹೆಚ್ಚು ದಿನ ನರಳಲಿಲ್ಲ. ಬೆಳಗಿನ ಜಾವ ಅವ್ವ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಅಪ್ಪ ಮೇಜಿನ ಮೇಲಿದ್ದದ್ದನ್ನೆಲ್ಲ ಬಾಚಿ ಮೂಲೆಗೆ ಹಾಕಿ, ಮೇಜನ್ನು ಅಂಗಳಕ್ಕೆ ಎಳೆದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಪಡಸಾಲೆಯಲ್ಲಿ, ಕಿಟಕಿಯ ಎದುರಿಗೆ, ಗೋಡೆಗೆ ಆನಿಸಿ ಆಯಿಯನ್ನು ಕೂರಿಸಿದರು. ಹಣೆ, ತೋಳು, ಎದೆಗೆ ವಿಭೂತಿ ಬಳಿದು, ಆ ಒಳ್ಳೆಯ ಸೀರೆ ಉಡಿಸಿದರು. ದೂರದ ನೆಂಟರು ಬರಬೇಕಿತ್ತು, ಸ್ವಾಮಿಗಳಿಗೆ ಹೇಳಿಕಳಿಸಿದ್ದರು. ಮಳೆ ನಿಂತು ಬಿಸಿಲಿಲ್ಲದ ತೆಳು ಬೆಳಕು ಒಳಗೆ ಬಂದಿತ್ತು.

ಅಪ್ಪ ಹಲಗೆ ತೊಡೆಯ ಮೇಲಿಟ್ಟುಕೊಂಡು ತಾಯಿಯ ಎದುರು ಕೂತ. ಪೆನ್ಸಿಲ್ ಹಿಡಿದ ಕೈ ಚಾಚಿದ. ಇಳಿಸಿ ಮತ್ತೆ ಎತ್ತಿದ. ಹೆಂಗಸರು ಅಳುವುದನ್ನು ಬಿಟ್ಟು ಅವನನ್ನು ನೋಡಿದರು. ಅವನು ನನ್ನನ್ನು ಕರೆದ.

“ನಂಗ ಆಗವಲ್ದು. ನೀ ಬರಿ.”

ಅವ್ವ ‘ಬ್ಯಾಡ, ಹುಡುಗಿಗೆ ಬ್ಯಾಡ’ ಎಂದು ಅಡ್ಡ ಬಂದಳು. ನಾನು ಅವ್ವನನ್ನು ದಾಟಿ ಹೋಗಿ ಕೂತೆ. ಮೊದಲು ತಲೆ ವಾಲಿದ್ದ ರೀತಿ, ಆಮೇಲೆ ಭುಜ ಮತ್ತು ಗೋಡೆಯ ನಡುವಿನ ಖಾಲಿ ಜಾಗ, ಆಮೇಲೆ ಕೆನ್ನೆಯ ತಗ್ಗು. ಅಪ್ಪ ನನ್ನ ಬೆನ್ನ ಹಿಂದೆ ಮೊಣಕಾಲೂರಿ ಕೂತು ಹಾಳೆಯನ್ನು ನೋಡುತ್ತಿದ್ದ. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ನಾನು ಹುಬ್ಬು ಮುಗಿಸಿ ಕೆಳಗೆ ಬಂದಾಗ ಅವನು ಯಾರಿಗೂ ಕೇಳದಷ್ಟು ಮೆತ್ತಗೆ ಹೇಳಿದ:

“ಕಣ್ಣು ತೆರದಂಗ ಬರಿ.”

ನಾನು ಪೆನ್ಸಿಲ್ ಎತ್ತಿ ಹಿಡಿದು ಆಯಿಯನ್ನು ನೋಡಿದೆ.

“ಮುಚ್ಚ್ಯಾವಲ್ರೀ, ಅಪ್ಪಾ.”

“ಗೊತ್ತೈತಿ. ಒಂದ ಸಲ. ನನ್ನ ನೋಡಿದಂಗ.”

ನಾನು ತಿರುಗಲಿಲ್ಲ. ಅವನು ಇನ್ನಷ್ಟು ಹೊತ್ತು ಕಾದ. ಆಮೇಲೆ ಎದ್ದು ಹೊರಗೆ ಹೋದ; ಮಳೆಯಲ್ಲಿ ನೆನೆದ ಮೇಜಿನ ಪಕ್ಕದಲ್ಲಿ ಅವನು ಕುಕ್ಕರಗಾಲಲ್ಲಿ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು. ನೆಂಟರ ಗಾಡಿ ಬಂದ ಸದ್ದಾಯಿತು. ಬೆಳಕು ಇನ್ನೂ ಸ್ವಲ್ಪ ಹೊತ್ತು ಇರುವಂತಿತ್ತು. ಆಯಿಯ ಎಡಗಣ್ಣಿನ ಮುಚ್ಚಿದ ರೆಪ್ಪೆಯ ಮೇಲೆ ವಿಭೂತಿ ಉದುರಿ ಬಿದ್ದಿತ್ತು, ಅದರ ಕೆಳಗಿನ ನೆರಳು ತೆಳು ನೀಲಿ. ನಾನು ಅದನ್ನು ಬರೆಯಲು ಕೈಹಾಕಿದೆ.